ತೂರಿನ ಸರಕು, ಸೈತಾನನ ಚಾಡಿ

ಸೈತಾನ ಸ್ವರ್ಗದಲ್ಲಿ ಯಾವ ವ್ಯಾಪಾರ ಮಾಡುತ್ತಿದ್ದ?

ತಮಾಷೆಯ ಪ್ರಶ್ನೆಯಂತೆ ಕಂಡರೂ ಇದನ್ನು ಗಂಭೀರವಾಗಿಯೇ ಕೇಳಿದವರಿದ್ದಾರೆ. ಬೈಬಲ್ಲಿನ ಹಳೆ ಒಡಂಬಡಿಕೆಯಲ್ಲಿ ಯೆಹೆಜ್ಕೇಲ ಎಂಬ ಪ್ರವಾದಿಯ ಗ್ರಂಥವಿದೆ. ಅದರ 28ನೇ ಅಧ್ಯಾಯದಲ್ಲಿ ಒಬ್ಬ ವಿಚಿತ್ರ ವ್ಯಕ್ತಿ ಬರುತ್ತಾನೆ. ಏದೆನ್ ತೋಟದಲ್ಲಿದ್ದವನು, ಮೈತುಂಬ ರತ್ನ ತೊಟ್ಟವನು, ಮೊದಲಿಗೆ ನಿರ್ದೋಷಿ, ಆಮೇಲೆ ದೇವರ ಬೆಟ್ಟದಿಂದ ಕೆಳಕ್ಕೆ ತಳ್ಳಿಸಿಕೊಂಡವನು. 3ನೇ ಶತಮಾನದ ತೆರ್ತುಲ್ಯನ್, ಒರಿಗೆನ್ ಮೊದಲಾದ ಕ್ರೈಸ್ತ ಪಂಡಿತರು ಇದನ್ನು ಸೈತಾನನ ಪತನದ ಕಥೆಯೆಂದೇ ಓದಿದರು. ಇವತ್ತಿಗೂ ಎಷ್ಟೋ ಪ್ರಸಂಗಗಳಲ್ಲಿ ಆ ಓದೇ ಕೇಳಿಬರುತ್ತದೆ.

ಒಂದು ತೊಡಕಿದೆ. ಅವನು ಬಿದ್ದದ್ದೇಕೆ ಎಂದು ಪ್ರವಾದಿ ಅಲ್ಲೇ ಎರಡು ಸಲ ಹೇಳುತ್ತಾನೆ, ಎರಡು ಸಲವೂ ವ್ಯಾಪಾರದ ಮಾತು ಬರುತ್ತದೆ. ವ್ಯಾಪಾರ ಹೆಚ್ಚಿದಂತೆಲ್ಲ ಒಳಗೆ ಹಿಂಸೆ ತುಂಬಿತು ಎನ್ನುವುದು 16ನೇ ವಚನ. ವ್ಯಾಪಾರದಲ್ಲಿನ ಅನ್ಯಾಯದಿಂದ ಪವಿತ್ರಸ್ಥಾನಗಳು ಹೊಲೆಯಾದವು ಎನ್ನುವುದು 18ನೇ ವಚನ. ರೆಕ್ಕೆಯ ದೇವದೂತನಿಗೆ ಎಂಥ ಅಂಗಡಿ, ಎಂಥ ಲಾಭ? ಈ ಮುಜುಗರ ತಪ್ಪಿಸಿಕೊಳ್ಳಲು ಕೆಲವರು ಮೂಲದ ಹೀಬ್ರೂ ಪದದ ಮೊರೆಹೋಗುತ್ತಾರೆ. ಆ ಪದಕ್ಕೆ ವ್ಯಾಪಾರ ಎಂಬುದು ಮೇಲುಮೇಲಿನ ಅರ್ಥ, ಒಳಗಿನ ಅರ್ಥ ಚಾಡಿ ಎನ್ನುತ್ತಾರೆ. ಸೈತಾನ ಒಬ್ಬ ದೂತನಿಂದ ಇನ್ನೊಬ್ಬ ದೂತನ ಬಳಿಗೆ ದೇವರ ಮೇಲೆ ಚಾಡಿ ಹೊತ್ತು ತಿರುಗಿದನಂತೆ. ಗ್ರೀಕ್ ಭಾಷೆಯಲ್ಲಿ ಅವನಿಗಿರುವ 'ದಿಯಾಬೊಲೊಸ್' ಎಂಬ ಹೆಸರಿಗೂ ಚಾಡಿಕೋರ, ದೂರುಗಾರ ಎಂದೇ ಅರ್ಥ. ಎಲ್ಲವೂ ಸೊಗಸಾಗಿ ಕೂಡಿಬರುತ್ತದೆ. ನನಗೆ ಅನುಮಾನ ಹುಟ್ಟಿದ್ದೇ ಅದು ಅಷ್ಟು ಸೊಗಸಾಗಿ ಕೂಡಿಬಂದದ್ದರಿಂದ.

ಪದ ಯಾವುದು? ರೆಖುಲ್ಲಾ. ಹೀಬ್ರೂ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನಿಂದ ಬೆಳೆಯುತ್ತವೆ. ಇದರ ಧಾತು ರ-ಕ-ಲ. ಅದೇ ಧಾತುವಿನ ರೋಖೇಲ್ ಎಂದರೆ ವ್ಯಾಪಾರಿ, ಅದರಲ್ಲೂ ಊರೂರು ಸುತ್ತಿ ಮಾರುವವನು. ಪರಮಗೀತದಲ್ಲಿ ಅವನ ಸುಗಂಧದ ಪುಡಿಗಳ ಪ್ರಸ್ತಾಪವಿದೆ. ನೆಹೆಮೀಯನ ಕಾಲದ ಯೆರೂಸಲೇಮಿನಲ್ಲಿ ಸಬ್ಬತ್ ದಿನ ಕೋಟೆಬಾಗಿಲು ಮುಚ್ಚಿದಾಗ ಗೋಡೆಯ ಹೊರಗೆ ರಾತ್ರಿ ಕಳೆದವರು ಈ ರೋಖೇಲರೇ. ಇನ್ನೊಂದು ಪದ ರಾಖೀಲ್. ಯಾಜಕಕಾಂಡದ 19ನೇ ಅಧ್ಯಾಯ ನಿನ್ನ ಜನರ ನಡುವೆ ರಾಖೀಲನಾಗಿ ತಿರುಗಬೇಡ ಎಂದು ಕಟ್ಟಪ್ಪಣೆ ಮಾಡುತ್ತದೆ. ಇಲ್ಲಿ ಮಾತ್ರ ಅರ್ಥ ಚಾಡಿಯೇ, ಸಂದೇಹವಿಲ್ಲ. ಜ್ಞಾನೋಕ್ತಿಗಳಲ್ಲಿ ಗುಟ್ಟು ಬಯಲು ಮಾಡುತ್ತ ತಿರುಗುವವನೂ ಅವನೇ. ಇವತ್ತಿನ ಇಸ್ರೇಲಿನಲ್ಲಿ ರೋಖೇಲ್ ಎಂದರೆ ಬೀದಿಬದಿ ಮಾರುವವನು, ರೆಖೀಲೂತ್ ಎಂದರೆ ಹರಟೆಮಾತು, ಎದುರಿಗಿಲ್ಲದವರ ಬಗ್ಗೆ ಆಡುವ ಮಾತು.

ಮಾರುವವನಿಗೂ ಚಾಡಿಗೂ ನಂಟು ಹೇಗೆ ಬಿತ್ತು ಎಂದು ಯೆಹೂದಿ ಪಂಡಿತರು ಹಿಂದೆಯೇ ಯೋಚಿಸಿದ್ದಾರೆ. ಒಬ್ಬನ ಮಾತನ್ನು ಇನ್ನೊಬ್ಬನಿಗೆ, ಅವನದನ್ನು ಇವನಿಗೆ ಹೊತ್ತು ಹಾಕುವ ರೋಖೇಲನಂತಾಗಬೇಡ ಎಂದು ಯೆಹೂದಿ ಧರ್ಮಶಾಸ್ತ್ರದ ಸಂಗ್ರಹವಾದ ಯೆರೂಸಲೇಮಿನ ತಾಲ್ಮುದ್ ಆ ಅಪ್ಪಣೆಯನ್ನು ವಿವರಿಸುತ್ತದೆ. 12ನೇ ಶತಮಾನದ ಮೈಮೊನಿದೆಸ್ ತನ್ನ ಧರ್ಮಸಂಹಿತೆಯಲ್ಲಿ ರಾಖೀಲನಿಗೆ ಲಕ್ಷಣ ಹೇಳುವಾಗಲೂ ಮಾತುಗಳ ಹೊರೆ ಹೇರಿಕೊಂಡು ಒಬ್ಬನಿಂದ ಇನ್ನೊಬ್ಬನ ಬಳಿಗೆ ನಡೆಯುವವನ ಚಿತ್ರವನ್ನೇ ಕೊಡುತ್ತಾನೆ. ಕನ್ನಡದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಲಾರ ಹೊತ್ತು ಬರುತ್ತಿದ್ದ ನಮ್ಮ ಬಳೆಗಾರ ಬಳೆಯೊಂದನ್ನೇ ತರುತ್ತಿರಲಿಲ್ಲ, ತವರಿನ ಸುದ್ದಿಯನ್ನೂ ತರುತ್ತಿದ್ದ. ಹಳ್ಳಿಯ ಹೆಂಗಸರಿಗೆ ಅವನಿಂದ ಉಪಕಾರವೂ ಆಗುತ್ತಿತ್ತು, ಒಮ್ಮೊಮ್ಮೆ ಮನೆಯ ಮಾತು ಬೇಲಿ ದಾಟುವುದೂ ಇತ್ತು. ತಾಲ್ಮುದ್ ಕೂಡ ರೋಖೇಲನನ್ನು ಬರೀ ದೂರುವುದಿಲ್ಲ. ಹೆಂಗಸರ ಅಲಂಕಾರದ ಸಾಮಾನಿಗೆ ಕೊರತೆಯಾಗದಿರಲಿ ಎಂದು ಅವನು ಊರೂರು ಸುತ್ತುವ ಏರ್ಪಾಡು ಮಾಡಿದವನು ಸಾಕ್ಷಾತ್ ಧರ್ಮಶಾಸ್ತ್ರಿ ಎಜ್ರನೇ ಎಂದು ಅದು ಹೇಳುತ್ತದೆ. ಯೋಹಾನಾನ್ ಬೆನ್ ನೂರಿ ಎಂಬ ವಿದ್ವಾಂಸನನ್ನು ರೋಖೇಲರ ಪೆಟ್ಟಿಗೆ ಎಂದು ಹೊಗಳುತ್ತದೆ. ಏನು ಕೇಳಿದರೂ ತಕ್ಷಣ ತೆಗೆದುಕೊಡುವವನು ಎಂಬರ್ಥದಲ್ಲಿ.

ಎಲ್ಲರೂ ಈ ನಂಟನ್ನು ಒಪ್ಪಿದವರಲ್ಲ. 11ನೇ ಶತಮಾನದ ಫ್ರಾನ್ಸಿನ ಮಹಾ ಭಾಷ್ಯಕಾರ ರಾಶಿ, ರಾಖೀಲ್ ಎಂಬುದು ಬೇಹುಗಾರಿಕೆಯ ಪದದಿಂದ ಬಂದದ್ದು, ಗಕಾರ ಕಕಾರವಾಗಿದೆ ಅಷ್ಟೆ ಎಂದ. ಕೆಡುಕು ಹುಡುಕುತ್ತ ನೆರೆಮನೆ ಇಣುಕುವವನೇ ಅವನ ಪ್ರಕಾರ ಚಾಡಿಕೋರ. ರಾಶಿಯ ವ್ಯುತ್ಪತ್ತಿ ಸರಿಯೋ ತಪ್ಪೋ, ಚಾಡಿಗೆ ಅವನು ಕೊಟ್ಟ ವಿವರಣೆ ಮಾತ್ರ ಪಕ್ಕಾ.

ಹೀಗಾಗಿ ಚಾಡಿಯ ವಾದ ಗಾಳಿಯಲ್ಲಿ ಹುಟ್ಟಿದ್ದಲ್ಲ. ಆದರೆ ಧಾತು ಒಂದೇ ಎಂದಮಾತ್ರಕ್ಕೆ ಪದಗಳ ಅರ್ಥವೂ ಒಂದೇ ಆಗುವುದಿಲ್ಲ. ಯಾವ ಪದವೇ ಆಗಲಿ, ಬರೆದವನು ಅದನ್ನು ಎಲ್ಲೆಲ್ಲಿ ಹೇಗೆ ಬಳಸಿದ್ದಾನೆ ಎಂದು ನೋಡಿ ಅರ್ಥ ಹೇಳಬೇಕು. ರೆಖುಲ್ಲಾ ವಿಷಯದಲ್ಲಿ ಆ ಕೆಲಸ ಸುಲಭ. ಇಡೀ ಹೀಬ್ರೂ ಬೈಬಲ್ಲಿನಲ್ಲಿ ಈ ಪದ ಬರುವುದು ನಾಲ್ಕೇ ಸಲ. ನಾಲ್ಕೂ ಯೆಹೆಜ್ಕೇಲನಲ್ಲೇ, ನಾಲ್ಕೂ ತೂರ್ ಎಂಬ ಒಂದೇ ಪಟ್ಟಣದ ಬಗ್ಗೆ. ಎರಡನ್ನು ಈಗಾಗಲೇ ನೋಡಿದೆವು. ಮೂರನೆಯದು ಅದೇ 28ನೇ ಅಧ್ಯಾಯದ 5ನೇ ವಚನದಲ್ಲಿದೆ. ತೂರಿನ ಒಡೆಯ ತನ್ನ ಜಾಣತನದಿಂದ, ತನ್ನ ರೆಖುಲ್ಲಾದಿಂದ ಐಶ್ವರ್ಯ ಬೆಳೆಸಿಕೊಂಡ ಎಂದು ಅಲ್ಲಿ ಬರುತ್ತದೆ. ಚಾಡಿ ಹೇಳಿ ಸಿರಿವಂತರಾದವರೂ ಇದ್ದಾರೆ ಎಂದು ಯಾರಾದರೂ ವಾದಿಸಬಹುದು. ನಾಲ್ಕನೆಯ ಕಡೆ ಆ ದಾರಿಯೂ ಮುಚ್ಚಿಹೋಗುತ್ತದೆ. 26ನೇ ಅಧ್ಯಾಯದಲ್ಲಿ ಶತ್ರುಸೈನ್ಯ ತೂರಿಗೆ ನುಗ್ಗಿ ಸಂಪತ್ತನ್ನು ದೋಚುತ್ತದೆ, ರೆಖುಲ್ಲಾವನ್ನು ಸೂರೆ ಮಾಡುತ್ತದೆ, ಗೋಡೆ ಕೆಡವಿ ಕಲ್ಲುಮರಗಳನ್ನು ಸಮುದ್ರಕ್ಕೆ ಎಸೆಯುತ್ತದೆ. ಸೈನಿಕರು ಸರಕು ದೋಚುತ್ತಾರೆ. ಚಾಡಿಯನ್ನು ದೋಚಿಕೊಂಡು ಹೋದ ಸೈನ್ಯ ಇನ್ನೂ ಹುಟ್ಟಿಲ್ಲ. ಕ್ರಿಸ್ತಪೂರ್ವದಲ್ಲೇ ಆದ ಗ್ರೀಕ್ ಅನುವಾದ 16ನೇ ವಚನದಲ್ಲಿ ಬಳಸಿದ್ದು 'ಎಂಪೋರಿಯಾ' ಎಂಬ ಪದ. ಜೆರೋಮನ ಲ್ಯಾಟಿನ್ ಅನುವಾದದಲ್ಲಿರುವುದು 'ನೆಗೋತಿಯಾತಿಯೋ'. ಎರಡೂ ಅಪ್ಪಟ ವ್ಯಾಪಾರದ ಪದಗಳು.

ಇಷ್ಟು ಸಾಲದೆಂದರೆ 27ನೇ ಅಧ್ಯಾಯವಿದೆ. ಪ್ರಸಂಗದಲ್ಲಿ ಬಹುತೇಕ ಹಾರಿಸಿಬಿಡುವ ಅಧ್ಯಾಯವಿದು. ನನ್ನ ಮಟ್ಟಿಗೆ ಇಡೀ ಬೈಬಲ್ಲಿನಲ್ಲೇ ಇಂಥದು ಇನ್ನೊಂದಿಲ್ಲ.

ತೂರ್ ಇವತ್ತಿನ ದಕ್ಷಿಣ ಲೆಬನಾನಿನ ಸೂರ್. ಆಗ ಅದು ದಡದಿಂದ ಸ್ವಲ್ಪ ದೂರದ ದ್ವೀಪ. ಪ್ರವಾದಿ ಆ ಪಟ್ಟಣವನ್ನೇ ಒಂದು ಹಡಗೆಂದು ಕಲ್ಪಿಸಿ ಶೋಕಗೀತ ಕಟ್ಟುತ್ತಾನೆ. ಹಲಗೆ ಹೆರ್ಮೋನ್ ಬೆಟ್ಟದ ಮರದ್ದು, ಕೂವೆಮರ ಲೆಬನಾನಿನ ದೇವದಾರಿನದು, ಹುಟ್ಟುಗಳು ಬಾಷಾನಿನ ಓಕ್ ಮರದವು, ಹಾಯಿ ಈಜಿಪ್ಟಿನ ಕಸೂತಿ ನಾರುಬಟ್ಟೆಯದು. ಹುಟ್ಟು ಹಾಕುವವರು ಸೀದೋನ್, ಅರ್ವಾದಿನವರು. ಹಲಗೆಯ ಸಂದು ಮುಚ್ಚುವ ಕುಶಲಿಗಳು ಗೆಬಾಲಿನ ಹಿರಿಯರು. ಇಷ್ಟು ಹೇಳಿ ಕವಿ ಥಟ್ಟನೆ ಲೆಕ್ಕಿಗನಾಗುತ್ತಾನೆ. ಸ್ಪೇನಿನ ದಕ್ಷಿಣ ಕರಾವಳಿ ಎಂದು ಬಹಳ ಮಂದಿ ಊಹಿಸುವ ತಾರ್ಷೀಷಿನಿಂದ ಬೆಳ್ಳಿ, ಕಬ್ಬಿಣ, ತವರ, ಸೀಸ. ತೋಗರ್ಮದಿಂದ ಕುದುರೆ, ಹೇಸರಗತ್ತೆ. ದಮಸ್ಕದಿಂದ ಹೆಲ್ಬೋನಿನ ದ್ರಾಕ್ಷಾರಸ, ಬಿಳಿ ಉಣ್ಣೆ. ಕೇದಾರಿನ ಅರಬರಿಂದ ಕುರಿ, ಟಗರು, ಹೋತ. ಶೆಬದಿಂದ ಸುಗಂಧ, ರತ್ನ, ಚಿನ್ನ. ಪ್ರವಾದಿಯ ಸ್ವಂತ ನಾಡಾದ ಯೆಹೂದದಿಂದಲೂ ಗೋಧಿ, ಜೇನು, ಎಣ್ಣೆ, ಜೊತೆಗೆ 'ಪನ್ನಗ್' ಎಂಬ ಒಂದು ಸಾಮಾನು. ಅದೇನೆಂದು ಪಂಡಿತರಿಗೆ ಇನ್ನೂ ಬಗೆಹರಿದಿಲ್ಲ. ನಮ್ಮ ಪನ್ನಗನಂತೂ ಅಲ್ಲ.

ಪಟ್ಟಿಯಲ್ಲಿ ಆನೆದಂತ, ಕರಿಮರ ಕೂಡ ಇವೆ. ಅವನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದು ಕಟ್ಟುವ ಆಸೆ ಯಾರಿಗಾದರೂ ಹುಟ್ಟಬಹುದು, ತಡೆದುಕೊಳ್ಳುವುದು ಒಳ್ಳೆಯದು. ಕರಿಮರಕ್ಕೆ ಯೆಹೆಜ್ಕೇಲ ಬಳಸಿದ 'ಹೋಬ್ನೀಮ್' ಈಜಿಪ್ಟಿನಿಂದ ಬಂದ ಪದ, ಆ ಸರಕೂ ಆಫ್ರಿಕಾದ್ದೇ ಇರಬೇಕು. ಸೊಲೊಮೋನನ ಹಡಗುಗಳು ಮೂರು ವರ್ಷಕ್ಕೊಮ್ಮೆ ತರುತ್ತಿದ್ದ 'ತುಕ್ಕಿಯೀಮ್' ಎಂದರೆ ನವಿಲು, ಅದು ತಮಿಳಿನ 'ತೋಗೈ'ಯಿಂದ ಬಂತು ಎಂಬ ಹಳೆಯ ವಾದವೊಂದು ಬೇರೆ ಕಡೆ ಇದೆ. ಅದಕ್ಕೂ ಎಲ್ಲರ ಒಪ್ಪಿಗೆಯಿಲ್ಲ.

ಈ ಅಧ್ಯಾಯದ ಉದ್ದಕ್ಕೂ ವ್ಯಾಪಾರಿ ಎನ್ನಲು ಎರಡು ಪದಗಳು ಮೇಲಿಂದ ಮೇಲೆ ಬರುತ್ತವೆ. ಒಂದು ರೋಖೇಲ್, ಇನ್ನೊಂದು ಸೋಹೇರ್. ಸೋಹೇರನ ಧಾತುವಿನಲ್ಲೂ ಸುತ್ತುವ ಅರ್ಥವೇ ಇದೆ. 38ನೇ ಕೀರ್ತನೆಯಲ್ಲಿ ಎದೆ ಡವಗುಟ್ಟುವುದಕ್ಕೂ ಇದೇ ಧಾತು. ಆದಿಕಾಂಡದಲ್ಲಿ ಯೋಸೇಫನನ್ನು 20 ಬೆಳ್ಳಿಗೆ ಮಾರಿದ ಪ್ರಸಂಗದಲ್ಲಿ ಬರುವ ಮಿದ್ಯಾನರು ಸೋಹೇರರು. ಅಬ್ರಹಾಮ ಹೆಂಡತಿಯ ಸಮಾಧಿಗೆಂದು ಹೆಬ್ರೋನಿನ ಗವಿಯನ್ನು ಕೊಂಡಾಗ ತೂಗಿಕೊಟ್ಟ 400 ಶೆಕೆಲ್ ಬೆಳ್ಳಿ, ಸೋಹೇರರ ನಡುವೆ ಚಲಾವಣೆಯಲ್ಲಿದ್ದ ಬೆಳ್ಳಿ. ನಾಣ್ಯ ಇನ್ನೂ ಬಂದಿರದ ಕಾಲದಲ್ಲಿ ವ್ಯಾಪಾರಿಯ ತಕ್ಕಡಿಯೇ ಪ್ರಮಾಣ. ಸೋಹೇರ್ ದೊಡ್ಡ ವರ್ತಕ, ರೋಖೇಲ್ ಚಿಲ್ಲರೆಯವನು ಎಂಬ ಭೇದ ಮುಂದಿನ ಕಾಲದ ಹೀಬ್ರೂವಿನಲ್ಲಿ ಬೆಳೆಯಿತು. ಯೆಹೆಜ್ಕೇಲ ಮಾತ್ರ ಎರಡನ್ನೂ ಬೆರೆಸಿ ಬಳಸುತ್ತಾನೆ. ಮುಖ್ಯವಾದದ್ದು ಇಷ್ಟು: 27ನೇ ಅಧ್ಯಾಯದಲ್ಲಿ ಕುದುರೆ, ಕುರಿ, ತವರ ಮಾರುತ್ತಿದ್ದ ರ-ಕ-ಲ ಧಾತು, ಕೆಲವೇ ಸಾಲುಗಳ ನಂತರ ಅದೇ ಪಟ್ಟಣದ ರಾಜನ ಬಗ್ಗೆ ಬಂದಾಗ ಏಕಾಏಕಿ ಚಾಡಿಯಾಗಲು ಕಾರಣವೇ ಇಲ್ಲ.

ಆ ಪಟ್ಟಿಯಲ್ಲಿ ನಾನು ಬೇಕೆಂದೇ ಬಿಟ್ಟ ಒಂದು ಸಾಲಿದೆ. ಯಾವಾನ್, ತೂಬಲ್, ಮೆಷೆಕ್ ನಾಡಿನವರು ತೂರಿಗೆ ಕೊಡುತ್ತಿದ್ದದ್ದು ಕಂಚಿನ ಪಾತ್ರೆ ಮತ್ತು ಮನುಷ್ಯರನ್ನು. ಹೀಬ್ರೂವಿನಲ್ಲಿ 'ನೆಫೆಷ್ ಆದಾಮ್', ಅಂದರೆ ಮನುಷ್ಯಜೀವ. ಪ್ರವಾದಿ ಇಲ್ಲಿ ದನಿ ಏರಿಸುವುದಿಲ್ಲ. ತವರ, ಸೀಸದ ಪಕ್ಕದ ಸಾಲಿನಲ್ಲೇ ಇದನ್ನೂ ಬರೆದು ಮುಂದೆ ಹೋಗುತ್ತಾನೆ. ದನಿ ಏರಿಸಿದವರು ಬೇರೆ ಪ್ರವಾದಿಗಳು. ಇಡೀ ಜನಸಮೂಹವನ್ನೇ ಸೆರೆಹಿಡಿದು ಎದೋಮಿಗೆ ಒಪ್ಪಿಸಿದ್ದಕ್ಕೆ ತೂರನ್ನು ಆಮೋಸ ಶಪಿಸುತ್ತಾನೆ. ತೂರ್, ಸೀದೋನಿನವರು ಯೆಹೂದದ ಮಕ್ಕಳನ್ನು ಗ್ರೀಕರಿಗೆ ಮಾರಿದರು ಎನ್ನುತ್ತಾನೆ ಯೋವೇಲ. ಎಷ್ಟೋ ಕಾಲದ ನಂತರ ಹೊಸ ಒಡಂಬಡಿಕೆಯ ಪ್ರಕಟನೆ ಗ್ರಂಥದಲ್ಲಿ ಬಾಬಿಲೋನ್ ಹೆಸರಿನ ಇನ್ನೊಂದು ಮಹಾನಗರಕ್ಕೆ ಇದೇ ಬಗೆಯ ಸರಕುಪಟ್ಟಿ ಬರುತ್ತದೆ. ಚಿನ್ನದಿಂದ ಶುರುವಾಗುವ ಆ ಪಟ್ಟಿ ಮುಗಿಯುವುದು ಮನುಷ್ಯರ ಜೀವದಿಂದ.

16ನೇ ವಚನದಲ್ಲಿ ವ್ಯಾಪಾರ ಹೆಚ್ಚಿದಂತೆ ತುಂಬಿಕೊಂಡಿತು ಎನ್ನುವ ಹಿಂಸೆಗೆ ಹೀಬ್ರೂ ಪದ 'ಹಮಾಸ್'. ಇವತ್ತಿನ ಸುದ್ದಿಯ ಪ್ಯಾಲೆಸ್ತೀನ್ ಸಂಘಟನೆಯ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ, ಅದು ಅರಬ್ಬೀ ಪದಗಳ ಮೊದಲಕ್ಷರ ಕೂಡಿಸಿ ಮಾಡಿದ ಹೆಸರು. ಬೈಬಲ್ಲಿನ ಹಮಾಸ್ ಎಂದರೆ ದೌರ್ಜನ್ಯ, ಬಲವಿಲ್ಲದವನ ಮೇಲೆ ನಡೆಯುವ ಹಿಂಸೆ. ಮನುಷ್ಯರನ್ನು ಕಂಚಿನ ಪಾತ್ರೆಯೊಡನೆ ಅದಲುಬದಲು ಮಾಡುವ ಪೇಟೆಗೆ ಈ ಪದ ಹೊಂದುತ್ತದೋ, ದೇವದೂತರ ಪಿಸುಮಾತಿಗೆ ಹೊಂದುತ್ತದೋ ಓದುಗರೇ ಹೇಳಲಿ.

18ನೇ ವಚನದ ಅನ್ಯಾಯಕ್ಕೆ ಇರುವ ಪದ 'ಆವೆಲ್'. ಇದು ಇನ್ನೂ ಸ್ಪಷ್ಟ ಸುಳಿವು. ಚಾಡಿಯನ್ನು ನಿಷೇಧಿಸಿದ ಅದೇ ಯಾಜಕಕಾಂಡದ 19ನೇ ಅಧ್ಯಾಯದ ಕೊನೆಯಲ್ಲಿ ಅಳತೆ, ತೂಕ, ಕೊಳಗದಲ್ಲಿ ಆವೆಲ್ ಮಾಡಬೇಡಿ, ನ್ಯಾಯವಾದ ತಕ್ಕಡಿ, ನ್ಯಾಯವಾದ ಬಟ್ಟು ಇಟ್ಟುಕೊಳ್ಳಿ ಎಂಬ ಅಪ್ಪಣೆಯಿದೆ. ಧರ್ಮೋಪದೇಶಕಾಂಡದಲ್ಲಿ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಂಡು ಮೋಸ ಮಾಡುವವನಿಗೂ ಇದೇ ಪದ. ಯೆಹೆಜ್ಕೇಲ ಯಾಜಕರ ಮನೆತನದವನು. ಈ ನಿಯಮಗಳನ್ನು ಚೆನ್ನಾಗಿ ಬಲ್ಲವನು ವ್ಯಾಪಾರದ ಪಕ್ಕದಲ್ಲಿ ಆವೆಲ್ ಎಂದು ಬರೆದರೆ ಅವನ ಕಣ್ಣ ಮುಂದಿದ್ದದ್ದು ಕಳ್ಳತೂಕವಲ್ಲದೆ ಇನ್ನೇನು?

ಹೀಬ್ರೂವಿನಲ್ಲಿ ವ್ಯಾಪಾರಿಗೆ ಮೂರನೆಯ ಪದವೂ ಇದೆ, ಅದರ ಕಥೆ ಬೇರೆ. 'ಕೆನಾನಿ', ಅಂದರೆ ಕಾನಾನ್ ದೇಶದವನು. ಕರಾವಳಿಯ ಕಾನಾನ್ಯರು ವ್ಯಾಪಾರದಲ್ಲಿ ಎಷ್ಟು ಮುಂದಿದ್ದರೆಂದರೆ ಕುಲದ ಹೆಸರೇ ಕಸುಬಿನ ಹೆಸರಾಯಿತು. ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದ ಗಟ್ಟಿಗಿತ್ತಿ ತಾನು ನೇಯ್ದ ನಡುಕಟ್ಟುಗಳನ್ನು ಮಾರುವುದು ಕೆನಾನಿಗೆ. ಅವಳನ್ನು ಬೈಬಲ್ ಹೊಗಳಿದೆ, ತೆಗಳಿಲ್ಲ. ಪ್ರವಾದಿ ಹೋಶೇಯ ಮಾತ್ರ ಕಾನಾನನ ಕೈಯಲ್ಲಿ ಮೋಸದ ತಕ್ಕಡಿ ಇಟ್ಟು ಎರಡೂ ಅರ್ಥವನ್ನು ಒಟ್ಟಿಗೆ ಚುಚ್ಚುತ್ತಾನೆ. ಜೆಕರ್ಯನ ಪುಸ್ತಕದ ಕೊನೆಯ ಮಾತು, ಆ ದಿನ ಕರ್ತನ ಆಲಯದಲ್ಲಿ ಕೆನಾನಿ ಇರುವುದಿಲ್ಲ ಎಂಬುದು. ಇಲ್ಲಿ ಹೊರಗಿಟ್ಟದ್ದು ಒಂದು ಜನಾಂಗವನ್ನೋ, ಗುಡಿಯೊಳಗಿನ ಅಂಗಡಿಯನ್ನೋ? ಅನುವಾದಕರು ಇಂದಿಗೂ ಎರಡು ಪಂಗಡ. ಅಂಗಡಿ ಎನ್ನುವವರ ಕಡೆ ನಾನು.

ಯೆಹೆಜ್ಕೇಲ ಈ ಪದದಲ್ಲಿ ಇನ್ನೂ ಮುಂದೆ ಹೋಗಿದ್ದಾನೆ. 17ನೇ ಅಧ್ಯಾಯದ ಒಗಟಿನಲ್ಲಿ ಅವನು ಕಾನಾನ್ ದೇಶ, ರೋಖೇಲರ ಪಟ್ಟಣ ಎಂದು ಒಂದೇ ಉಸಿರಿನಲ್ಲಿ ಹೇಳುವುದು ಸಮುದ್ರತೀರದ ಊರನ್ನಲ್ಲ, ಬಾಬಿಲೋನನ್ನು. ಆ ದೇಶ ಅವನಿಗೆ ಕೇಳಿ ತಿಳಿದದ್ದಲ್ಲ. ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಗಡೀಪಾರಾದವರ ಜೊತೆ ಅವನೂ ಹೋಗಿ ಕೆಬಾರ್ ಕಾಲುವೆಯ ದಡದಲ್ಲಿ ನೆಲೆಸಿದ್ದ. ಹಾಗೆ ಸೆರೆಹೋದ ಯೆಹೂದ್ಯರ ಹೆಸರುಗಳಿರುವ ಮಣ್ಣಿನ ಹಲಗೆಗಳು ನಮ್ಮ ಕಾಲದಲ್ಲಿ ಬೆಳಕಿಗೆ ಬಂದಿವೆ. 'ಆಲ್ ಯಾಹೂದು', ಅಂದರೆ ಯೆಹೂದದ ಊರು, ಎಂಬ ಅವರ ಹೊಸ ಹಳ್ಳಿಯ ಕಾಗದಪತ್ರಗಳು ಅವು. ಅವುಗಳಲ್ಲಿ ಅತಿ ಹಳೆಯದು ಕ್ರಿ.ಪೂ. 572ರದು. ಪ್ರಾರ್ಥನೆ, ಪ್ರಲಾಪ ಅವುಗಳಲ್ಲಿಲ್ಲ. ಇರುವುದು ಸಾಲ, ತೆರಿಗೆ, ಗೇಣಿ, ಖರ್ಜೂರ, ಬಾರ್ಲಿ. ವ್ಯಾಪಾರದ ಲೆಕ್ಕವನ್ನೇ ಶೋಕಗೀತ ಮಾಡಿದ ಪ್ರವಾದಿ ಬದುಕಿದ್ದು ಇಂಥ ಬರಹಗಳ ನಾಡಿನಲ್ಲಿ.

ಹಾಗಾದರೆ ಏದೆನ್ ತೋಟ, ರತ್ನಗಳು, ಕೆರೂಬಿ ಎಂಬ ರೆಕ್ಕೆಯ ದೇವದೂತ? ಅವೂ ತೂರಿನ ರಾಜನ ಮೇಲಿನ ಶೋಕಗೀತದ ಅಲಂಕಾರಗಳೇ. ಹೀಬ್ರೂ ಪಾಠದಲ್ಲಿ ಹೆಸರಿಸಿದ ಒಂಬತ್ತು ರತ್ನಗಳೂ ಯೆರೂಸಲೇಮಿನ ಮಹಾಯಾಜಕನ ಎದೆಪದಕದ ಹನ್ನೆರಡರಲ್ಲಿ ಸೇರಿವೆ. ರಾಜನನ್ನು ಆದಿಮಾನವನಷ್ಟು, ಮಹಾಯಾಜಕನಷ್ಟು ಎತ್ತರಕ್ಕೇರಿಸಿ ಆಮೇಲೆ ಕೆಳಗೆ ಬೀಳಿಸುವುದು ಕವಿಯ ತಂತ್ರ. ಪಟ್ಟಣವನ್ನು ಅಂದದ ಹಡಗಾಗಿ ಕಟ್ಟಿ ಮೂಡಣ ಗಾಳಿಗೆ ಒಡೆದದ್ದೂ ಅದೇ ತಂತ್ರ. ತೂರಿನವರಿಗೆ ಅಂಥ ಎತ್ತರ ಹೊಸದೂ ಅಲ್ಲ. ಅವರ ಕೆನ್ನೇರಳೆ ಬಣ್ಣ ರಾಜರ ಬಣ್ಣವಾಗಿತ್ತು. 1909ರಲ್ಲಿ ಪಾಲ್ ಫ್ರೀಡ್‌ಲೆಂಡರ್ ಎಂಬ ರಸಾಯನಶಾಸ್ತ್ರಜ್ಞ ಆ ಬಣ್ಣ ಕೊಡುವ 12,000 ಸಮುದ್ರದ ಶಂಖುಹುಳಗಳಿಂದ ತೆಗೆದದ್ದು 1.4 ಗ್ರಾಂ ಬಣ್ಣವನ್ನಷ್ಟೇ. ಅದನ್ನು ಬಟ್ಟೆಗೆ ಹಚ್ಚಿ ಲೋಕಕ್ಕೆಲ್ಲ ಮಾರಿದವರು ತಮ್ಮನ್ನು ತಾವು ದೇವರ ಸಾಲಿನಲ್ಲಿ ಕಂಡುಕೊಂಡಿದ್ದರೆ ಆಶ್ಚರ್ಯವಿಲ್ಲ. 28ನೇ ಅಧ್ಯಾಯದ ಮೊದಲ ಆಪಾದನೆಯೇ ಅದು: ಮನುಷ್ಯನಾದರೂ ನಾನು ದೇವರು ಎಂದುಕೊಂಡೆ.

ಪದ ಸೈತಾನನ ಕಡೆ ಜಾರಿದ್ದರಿಂದ ಆದ ನಷ್ಟ ಸಣ್ಣದಲ್ಲ. ವ್ಯಾಪಾರ ಎಂದು ಓದಿದರೆ ಈ ವಚನ ಪೇಟೆಯಲ್ಲಿ ಕುಳಿತವನನ್ನು, ಆಳು ಸಾಗಿಸುವವನನ್ನು, ತಕ್ಕಡಿ ಹಿಡಿದವನನ್ನು ನೇರವಾಗಿ ಕೇಳುತ್ತದೆ. ಚಾಡಿ ಎಂದು ಓದಿದರೆ ಆಪಾದನೆ ಮೋಡಗಳಾಚೆ ಯಾರೋ ದೇವದೂತನ ಮೇಲೆ ಹೋಗಿ ಬೀಳುತ್ತದೆ, ಭೂಮಿಯ ಮೇಲಿನವರು ಪಾರಾಗುತ್ತಾರೆ. ಸೈತಾನನ ಪತನವನ್ನು ನಂಬುವವರ ನಂಬಿಕೆಗೆ ನನ್ನ ತಕರಾರಿಲ್ಲ. ಆ ನಂಬಿಕೆಗೆಂದು ಒಂದು ಪದದ ಅರ್ಥವನ್ನು ತಿರುಚುವುದಕ್ಕೆ ತಕರಾರಿದೆ.

ಮುಂದೇನಾಯಿತು ಎಂಬುದನ್ನೂ ಯೆಹೆಜ್ಕೇಲ ಮುಚ್ಚಿಡಲಿಲ್ಲ. ಬಾಬಿಲೋನಿನ ರಾಜ ನೆಬೂಕದ್ನೆಚ್ಚರ 13 ವರ್ಷ ತೂರಿಗೆ ಮುತ್ತಿಗೆ ಹಾಕಿದ ಎಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಆದರೆ ಪ್ರವಾದಿ ಹೇಳಿದ್ದ ಆ ಸೂರೆ ಬಾಬಿಲೋನಿನ ಸೈನ್ಯಕ್ಕೆ ದಕ್ಕಲಿಲ್ಲ. ಅಷ್ಟು ದುಡಿದರೂ ತೂರಿನಿಂದ ಅವರಿಗೆ ಕೂಲಿ ಹುಟ್ಟಲಿಲ್ಲ ಎಂದು 29ನೇ ಅಧ್ಯಾಯದಲ್ಲಿ ಪ್ರವಾದಿಯೇ ಒಪ್ಪಿಕೊಳ್ಳುತ್ತಾನೆ. ದ್ವೀಪದ ಕೋಟೆ ಒಡೆದದ್ದು ಕ್ರಿ.ಪೂ. 332ರಲ್ಲಿ, ಅಲೆಗ್ಸಾಂಡರ್ ಸಮುದ್ರಕ್ಕೆ ಕಲ್ಲುಮಣ್ಣು ಸುರಿದು ದಾರಿ ಕಟ್ಟಿದ ಮೇಲೆ. ಆಗಲೂ ಏಳು ತಿಂಗಳು ಹಿಡಿಯಿತು.

ಇನ್ನು ಮುಂದೆ ಯಾರಾದರೂ ಯೆಹೆಜ್ಕೇಲನ 28ನೇ ಅಧ್ಯಾಯ ತೆರೆದು ಸೈತಾನನ ಕಥೆ ಶುರುಮಾಡಿದರೆ, ಹಿಂದಿನ ಎರಡು ಅಧ್ಯಾಯಗಳನ್ನೂ ಒಮ್ಮೆ ಗಟ್ಟಿಯಾಗಿ ಓದಿ ಎಂದು ಕೇಳಿಕೊಳ್ಳಿ. ಮೂರೂ ಸೇರಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ.